ಭೈರನ ಹಿಂಗಾಲು, ರೈಟರ ಕೈ

ದನದ ಡಾಕ್ಟರಾಗಿ ಸಕಲೇಶಪುರದ ಸುತ್ತಮುತ್ತ ಹದಿನಾಲ್ಕು ವರ್ಷ ತಿರುಗಿದೆ. ಹಸು ಕರು ಹಾಕಿದ್ದು, ಎಮ್ಮೆ ಹೊಟ್ಟೆ ಉಬ್ಬರಿಸಿದ್ದು ಎಲ್ಲ ಮರೆತುಹೋಗಿದೆ. ಮರೆಯದೆ ಉಳಿದಿರೋದು ಅವುಗಳ ಯಜಮಾನರ ಘನಕಾರ್ಯಗಳು. ಆ ಕಡೆ ಅಂಥದ್ದು ವಾರಕ್ಕೊಂದಾದರೂ ನಡೆಯುತ್ತಲೇ ಇರುತ್ತಿತ್ತು. ತೊಂಬತ್ತರ ದಶಕದ ಕೊನೆಯ ಒಂದು ವರ್ಷವಂತೂ ಅಷ್ಟೂ ಒಂದೇ ನಾಯಿಯ ತಲೆಮೇಲೆ ಬಂದವು.

ನಾಯಿಯ ಹೆಸರು ಭೈರ. ಹೆಗ್ಗದ್ದೆ ಕಡೆಯ ಒಬ್ಬ ಕಾಫಿ ಸಾಹುಕಾರರ ಅಲ್ಸೇಶಿಯನ್. ಆಗ ಪ್ಲಾಂಟರುಗಳಿಗೆ ಕಾವಲು ನಾಯಿಗಳ ಪಂದ್ಯದ ಹೊಸ ಹುಚ್ಚು ಹಿಡಿದಿತ್ತು. ಒಬ್ಬ ಮನುಷ್ಯ ಕೈಗೆ ದಪ್ಪಗೆ ಗೋಣಿ ಸುತ್ತಿಕೊಂಡು ಕಳ್ಳನ ಹಾಗೆ ಓಡಬೇಕು. ನಾಯಿ ಅಟ್ಟಿಸಿಕೊಂಡು ಹೋಗಿ ಆ ಕೈಯನ್ನೇ ಹಿಡಿಯಬೇಕು, ‘ಬಿಡು’ ಅಂದರೆ ಬಿಡಬೇಕು. ನವೆಂಬರಿನಲ್ಲಿ ಆನೇಮಹಲ್ ಹತ್ತಿರದ ಒಂದು ಬಯಲಲ್ಲಿ ಪಂದ್ಯ ಅಂತ ಗೊತ್ತಾಯಿತು. ಕಚ್ಚಿಸಿಕೊಳ್ಳೋಕೆ ಯಾರೂ ಮುಂದೆ ಬರದೆ, ನಡೆಸುವವರು ಒಂದು ನಿಯಮ ಮಾಡಿದ್ದರು: ನಾಯಿ ತರುವವರು ಕಳ್ಳನನ್ನೂ ಅವರವರೇ ತರಬೇಕು.

ನಮ್ಮ ಸಾಹುಕಾರರು ತಮ್ಮ ಎಸ್ಟೇಟಿನ ರೈಟರನ್ನು ಕಳ್ಳ ಮಾಡಿದರು. ಆಳುಗಳ ಹಾಜರಿ ಬರೆಯುವ ಸಣಕಲು ಮನುಷ್ಯ ಅವನು. ಹುಟ್ಟಿದಾಗಿನಿಂದ ಯಾರದೂ ಒಂದು ಕಾಫಿ ಬೀಜ ಮುಟ್ಟಿದವನಲ್ಲ.

೧. ಹಲ್ಲು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಜೀಪು ಬಂದು ನಿಂತಿತು. ಸಾಹುಕಾರರು ಭೈರನನ್ನು ಇಳಿಸಿಕೊಂಡು ಒಳಗೆ ಬಂದರು. ಹಿಂದೆ ರೈಟರ್, ಕೈಗೆ ಇನ್ನೂ ಗೋಣಿ ಸುತ್ತಿಕೊಂಡೇ ಇದ್ದ.

“ಕೋರೆಹಲ್ಲಿನ ತುದಿ ಹಾರಿಹೋಗೈತೆ ಡಾಕ್ಟ್ರೇ. ಬರೀ ಗೋಣಿಚೀಲ ಕಚ್ಚಿದ್ದು ಕಣ್ರೀ!”

ಬಾಯಿ ತೆರೆಸಿ ನೋಡಿದೆ. ಪುಣ್ಯಕ್ಕೆ ನರ ಹೊರಗೆ ಬಂದಿರಲಿಲ್ಲ. ಚೂಪಾಗಿದ್ದ ಅಂಚನ್ನು ಉಜ್ಜಿ ನಯ ಮಾಡಿ, ಒಂದು ತಿಂಗಳು ಏನನ್ನೂ ಕಚ್ಚಿಸಬೇಡಿ ಅಂದೆ. ಆದರೆ ಗೋಣಿ ಕಚ್ಚಿ ಹಲ್ಲು ಮುರಿದ ನಾಯಿಯನ್ನು ನಾನು ಕಂಡಿರಲಿಲ್ಲ. “ಆ ಕೈ ಬಿಚ್ಚಯ್ಯಾ, ನೋಡೋಣ” ಅಂದೆ. ರೈಟರ್ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ.

ಸಾಹುಕಾರರೇ ಹಿಡಿದು ಬಿಚ್ಚಿದರು. ನಾಲ್ಕು ಸುತ್ತು ಗೋಣಿ ಕಳೆದ ಮೇಲೆ ಒಳಗೆ ಪಲ್ಪರ್ ಮಿಷನ್ನಿನ ಹಳೇ ತಾಮ್ರದ ತಗಡು! ಕಾಫಿ ಹಣ್ಣಿನ ಸಿಪ್ಪೆ ಸುಲಿಯೋಕೆ ಮೈತುಂಬ ಮುಳ್ಳು ಎಬ್ಬಿಸಿರುತ್ತಾರಲ್ಲ, ಅದೇ ತಗಡು. ಮುಂಗೈಯಿಂದ ಮೊಣಕೈತನಕ ಸುತ್ತಿಕೊಂಡು ಸುತಲಿ ದಾರದಲ್ಲಿ ಬಿಗಿದಿದ್ದ.

“ಮಾನಗೆಟ್ಟೋನೆ, ನಾಯಿ ಹಲ್ಲು ಮುರಿದುಬುಟ್ಟಲ್ಲೋ!” ಅಂತ ಸಾಹುಕಾರರು ಕೂಗಾಡಿದರು.

ರೈಟರ್ ತಣ್ಣಗೆ ಹೇಳಿದ: “ನಾಯಿ ಹಲ್ಲು ಹೋದ್ರೆ ಡಾಕ್ಟ್ರು ಅವ್ರೆ ಸಾರ್. ನನ್ನ ಕೈ ಹೋದ್ರೆ ಹಾಜರಿ ಯಾರು ಬರೀತಾರೆ?”

೨. ಕಾಲು

ಅಭ್ಯಾಸ ಹುಲ್ಲಿನ ಮೇಲೆ ಮಾಡಿಸಿ ಅಂತ ನಾನು ಬಡಕೊಂಡಿದ್ದೆ. ಅವರು ಮಾಡಿಸುತ್ತಿದ್ದದ್ದು ಕಾಫಿ ಒಣಗಿಸೋ ಸಿಮೆಂಟಿನ ಕಣದಲ್ಲಿ. ಯಾಕಂದರೆ ಸಾಹುಕಾರರ ತಾಯಿಗೆ ಜಗಲಿಯ ಕುರ್ಚಿಯಿಂದ ಅಲ್ಲಿ ಚೆನ್ನಾಗಿ ಕಾಣುತ್ತದಂತೆ.

ಮೇ ತಿಂಗಳಲ್ಲಿ ಆಗಬೇಕಾದ್ದು ಆಯಿತು. ಭೈರ ಓಡಿಬಂದು ನೆಗೆದ. ಈ ಸಲ ತಗಡಿಲ್ಲದೆ ಬರೀ ಗೋಣಿ ಸುತ್ತಿಕೊಂಡಿದ್ದ ರೈಟರ್, ಕೊನೇ ಗಳಿಗೆಯಲ್ಲಿ ಧೈರ್ಯ ಸಾಲದೆ ಕುಕ್ಕರಗಾಲಲ್ಲಿ ಕೂತುಬಿಟ್ಟ. ಹಿಡಿಯೋಕೆ ಕೈಯೇ ಸಿಗದೆ ನಾಯಿ ಅವನ ತಲೆ ದಾಟಿ ಕಣದ ಮೇಲೆ ಜಾರಿ, ಹಿಂಗಾಲು ತಿರುಚಿಕೊಂಡು ಬಿತ್ತು.

ನಾನು ಹೋದಾಗ ಎಡ ಹಿಂಗಾಲನ್ನು ನೆಲಕ್ಕೆ ಊರುತ್ತಲೇ ಇರಲಿಲ್ಲ. ಮಂಡಿಯ ಒಳಗೆ ಮೂಳೆಗಳನ್ನು ಹಿಡಿದಿಡುವ ಕಟ್ಟು ಅರ್ಧ ಹರಿದಿತ್ತು.

“ಪಂದ್ಯಕ್ಕೆ ಆಗ್ತಾನಾ?” ಅಂದರು ಸಾಹುಕಾರರು.

“ಪಂದ್ಯ ಆಮೇಲೆ. ಮೊದಲು ನೆಟ್ಟಗೆ ನಡೀತಾನಾ ಅಂತ ನೋಡೋಣ.”

ಅಂಗೈಯಗಲದ ಮರಿಯಿಂದ ಸಾಹುಕಾರರ ಮಂಚದ ಕೆಳಗೇ ಮಲಗಿ ಬೆಳೆದ ನಾಯಿ ಅದು. ಕಣ್ಣೊರೆಸಿಕೊಂಡು, “ಕಣದ ಧೂಳು” ಅಂದರು. ಕಣ ಬೆಳಿಗ್ಗೆ ತಾನೇ ತೊಳೆದದ್ದು.

ಆಪರೇಷನ್ನಿಗೆ ಬೆಂಗಳೂರಿಗೆ ಹೋಗಬೇಕು, ಅದಕ್ಕೆ ಮೊದಲು ವಿಶ್ರಾಂತಿ ಕೊಟ್ಟು ನೋಡೋಣ ಅಂತ ತೀರ್ಮಾನವಾಯಿತು. ಆರು ವಾರ ಓಡೋ ಹಾಗಿಲ್ಲ, ನೆಗೆಯೋ ಹಾಗಿಲ್ಲ. ಅದನ್ನು ಕೇಳಿ ರೈಟರ್ ನನ್ನ ಕಿವಿಯ ಹತ್ತಿರ ಬಂದ.

“ಸಾರ್, ಆರು ವಾರ ಕಚ್ಚಿಸ್ಕೊಳ್ಳಬಾರದು ಅಂತ ನಂಗೂ ಒಂದು ಚೀಟಿ ಬರ್ಕೊಡಿ.”

“ನಾಯೀನೇ ಮಲಗಿದ ಮೇಲೆ ನಿನ್ನ ಯಾರು ಕಚ್ತಾರೆ ಮಾರಾಯ?”

ಅವನು ಸಾಹುಕಾರರ ಕಡೆ ನೋಡಿದ.

೩. ಮೊಟ್ಟೆ

ಭೈರ ಆ ಮನೆಯಲ್ಲಿ ಬೆಳೆದದ್ದು ಮೊಸರನ್ನ, ಬೆಣ್ಣೆ ಹಚ್ಚಿದ ಅಕ್ಕಿರೊಟ್ಟಿ ತಿಂದು. ಬೆಳಗಾದರೆ ಲಿಂಗಪೂಜೆಯಾಗದೆ ಒಲೆ ಹಚ್ಚದ ಮನೆ. ಮಲಗಿದಲ್ಲೇ ರೊಟ್ಟಿ ತಿಂದು ನಾಯಿ ಉಬ್ಬುತ್ತಿತ್ತು, ಕಾಲು ಮಾತ್ರ ಸೊರಗುತ್ತಿತ್ತು. ರೊಟ್ಟಿ ನಿಲ್ಲಿಸಿ, ದಿನಾ ಎರಡು ಬೇಯಿಸಿದ ಮೊಟ್ಟೆ ಕೊಡಿ ಅಂದೆ.

ಸಾಹುಕಾರರ ತಾಯಿ ಕುರ್ಚಿಯಿಂದ ಎದ್ದೇಬಿಟ್ಟರು. “ಶಿವಶಿವಾ! ನಮ್ಮನೆ ನಾಯಿ ಮೊಟ್ಟೆ ತಿನ್ನೋದಾ?”

“ಅಮ್ಮಾವ್ರೆ, ಮನುಷ್ಯನ ಕೈ ಕಚ್ಚೋಕೆ ಕಲಿಸಿದ್ದೀರಿ. ಮೊಟ್ಟೆ ತಿಂದರೆ ತಪ್ಪಾ?”

“ಕಚ್ಚೋದು ಬ್ಯಾರೆ ಕಣಪ್ಪ” ಅಂದರು ಅಮ್ಮಾವ್ರು, “ಅವ್ನೇನು ನುಂಗ್ತಾನಾ?”

ಕೊನೆಗೆ ಮೊಟ್ಟೆಯ ಕೆಲಸ ಆಳುಗಳ ಲೈನ್ ಮನೆಯಲ್ಲಿದ್ದ ರೈಟರ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಭೈರ ಕುಂಟುತ್ತಾ ಅವನ ಬಾಗಿಲಿಗೆ ಹೋಗಿ ತಿಂದು ಬರುತ್ತಿದ್ದ. ಬಂದಮೇಲೆ ಅಮ್ಮಾವ್ರು ನಾಯಿಯ ಬಾಯಿ ತೊಳೆಸಿ, ಹಣೆಗೊಂದು ವಿಭೂತಿ ಬೊಟ್ಟಿಟ್ಟು ಒಳಗೆ ಬಿಟ್ಟುಕೊಳ್ಳುತ್ತಿದ್ದರು.

೪. ತೊಟ್ಟಿ

ಆರು ವಾರ ಕಳೆಯಿತು. ನೀರಿನಲ್ಲಿ ನಡೆಸಿದರೆ ಮಂಡಿಗೆ ಭಾರ ಬೀಳದೆ ಕಾಲಿಗೆ ಶಕ್ತಿ ಬರುತ್ತದೆ ಅಂದೆ. ಹೊಳೆ ತುಂಬಿ ಹರಿಯುತ್ತಿತ್ತು. ಹಾಗಾಗಿ ಕಾಫಿ ತೊಳೆಯೋ ತೊಟ್ಟಿಗೆ ನಾಯಿಯ ಎದೆಮಟ್ಟ ನೀರು ಬಿಡಿಸಿದರು. ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು, ಎರಡೂ ತುದಿ ಎತ್ತಿ ಹಿಡಿದು, ನಾಯಿಯ ಜೊತೆ ಒಬ್ಬರು ನೀರಲ್ಲೇ ನಡೆಯಬೇಕು. ಯಾರು ಅಂತ ಬೇರೆ ಹೇಳಬೇಕಾಗಿಲ್ಲ.

ಜುಲೈ ತಿಂಗಳ ಚಳಿ. ಒಂದು ದಿನ ಹೋಗಿ ನೋಡಿದರೆ ರೈಟರ್ ಹಲ್ಲು ಕಟಕಟ ಅನ್ನಿಸುತ್ತಾ ತೊಟ್ಟಿಯಲ್ಲಿ ಸುತ್ತುತ್ತಿದ್ದ. “ನಡಿಯೋ ಮಗ, ಇನ್ನೊಂದು ಸುತ್ತು” ಅಂತ ನಾಯಿಯನ್ನು ಪುಸಲಾಯಿಸುತ್ತಿದ್ದ. ದಡದಲ್ಲಿ ಹಂಡೆ ತುಂಬ ಬಿಸಿನೀರು ಹೊಗೆಯಾಡುತ್ತಿತ್ತು.

“ಪರವಾಗಿಲ್ವೇ, ನಿನಗೆ ಬಿಸಿನೀರು ಕಾಯಿಸವ್ರೆ” ಅಂದೆ.

“ಅದು ಭೈರಂಗೆ ಸಾರ್. ಅವ್ನು ಸ್ನಾನ ಮಾಡಿದ್ಮೇಲೆ ಮಿಕ್ಕಿದ್ರೆ ನಂಗೆ.”

೫. ಪಂದ್ಯ

ನವೆಂಬರ್ ಹೊತ್ತಿಗೆ ಭೈರ ಕುಂಟದೆ ಓಡುತ್ತಿದ್ದ. ನೆಗೆಯಬಲ್ಲನಾ ಅನ್ನೋದು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಸಾಹುಕಾರರಿಗೆ ಪರೀಕ್ಷೆ ಮಾಡೋಕೂ ಭಯ, ಮಾಡದೆ ಇರೋಕೂ ಆಗದು. ಹುಲ್ಲಿನ ಮೇಲೆ ಒಂದೇ ಒಂದು ಓಟ, ಕಾಲು ಎಳೆದರೆ ಅಲ್ಲೇ ನಿಲ್ಲಿಸಬೇಕು ಅಂತ ಹೇಳಿ ನಾನೂ ಪಂದ್ಯದ ಬಯಲಿಗೆ ಜೊತೆಗೆ ಹೋದೆ. ರೈಟರ ಗೋಣಿಯೊಳಗೆ ತಗಡಿಲ್ಲ ಅಂತ ನಾನೇ ಒತ್ತಿ ನೋಡಿದೆ.

ರೈಟರ್ ಓಡಿದ. “ಹಿಡಿ!” ಅಂದರು ಸಾಹುಕಾರರು. ಭೈರ ಬಾಣ ಬಿಟ್ಟ ಹಾಗೆ ಹೋದ, ಕಾಲು ಒಂಚೂರೂ ಎಳೆಯಲಿಲ್ಲ. ರೈಟರ ಹತ್ತಿರ ಹೋದವನೇ ನಿಂತ. ಬಾಲ ಅಲ್ಲಾಡಿಸಿದ. ಅವನ ಜೇಬು ಮೂಸಿ ಮೊಟ್ಟೆ ಹುಡುಕಿದ. ಆಮೇಲೆ ತೊಟ್ಟಿಯಲ್ಲಿ ಮಾಡುತ್ತಿದ್ದ ಹಾಗೆ, ಹೊಟ್ಟೆಯ ಕೆಳಗೆ ಟವೆಲ್ ಕೊಡಿಸಿಕೊಳ್ಳೋಕೆ ಅಡ್ಡಲಾಗಿ ನಿಂತುಕೊಂಡ.

ಬಯಲಿಗೆ ಬಯಲೇ ನಕ್ಕಿತು. ಸಾಹುಕಾರರ ಮುಖ ಕೆಂಪಾಯಿತು. “ನನ್ನ ನಾಯಿಗೆ ಏನೋ ಮಾಡಿದೆ, ಬೇಕೂಫಾ!” ಅಂತ ದಾಪುಗಾಲು ಹಾಕಿ ಹೋಗಿ, ರೈಟರ ಮೇಲೆ ಬೆತ್ತ ಎತ್ತಿದರು.

ಭೈರ ನೆಗೆದ. ಎತ್ತಿದ ಕೈಯನ್ನು ಕೋಟಿನ ತೋಳಿನ ಸಮೇತ ಹಿಡಿದ. ಸಾಹುಕಾರರು ದೊಪ್ಪನೆ ಹುಲ್ಲಿನ ಮೇಲೆ ಕೂತರು. ಭೈರ ಬಿಡಲಿಲ್ಲ.

“ಬಿಡು! ಬಿಡೋ! ಭೈರಾ, ನಾನು ಕಣೋ!”

ತೀರ್ಪು ಕೊಡೋಕೆ ಬಂದಿದ್ದ ಮಿಲಿಟರಿ ಮೇಜರು ಚೀಟಿಯಲ್ಲಿ ಬರೆದುಕೊಳ್ಳುತ್ತಾ, “ಹಿಡಿತ ಅಂದ್ರೆ ಇದು!” ಅಂದರು. ರೈಟರ್ ಬಗ್ಗಿ, “ಸಾಕು ಬುಡು ಮಗ” ಅಂದ. ಭೈರ ತಕ್ಷಣ ಬಿಟ್ಟ.

ನಾನು ಓಡಿ ಹೋದೆ. ಕೋಟಿನ ತೋಳು ಜೋತಾಡುತ್ತಿತ್ತು, ಮೈಯೆಲ್ಲ ಹುಲ್ಲು. ಬೈಗುಳ ನಿರೀಕ್ಷಿಸಿದ್ದೆ. ಸಾಹುಕಾರರ ಕಣ್ಣಲ್ಲಿ ನೀರು, ಬಾಯಿತುಂಬ ನಗು.

“ನೋಡಿದ್ರಾ ಡಾಕ್ಟ್ರೇ? ಎರಡೂ ಹಿಂಗಾಲ ಮೇಲೆ ಎದ್ದು ನಿಂತ್ಬುಟ್ಟ ಕಣ್ರೀ! ಕಾಲು ಬಂದ್ಬುಡ್ತು!”

ಮೊದಲು ಭೈರನ ಮಂಡಿ ಒತ್ತಿ ನೋಡಿದೆ, ಗಟ್ಟಿಯಾಗಿತ್ತು. ಆಮೇಲೆ ಸಾಹುಕಾರರ ಕೈ ನೋಡಿದೆ. ಹಲ್ಲು ಒಳಗಿನ ಸ್ವೆಟರ್ ದಾಟಿರಲಿಲ್ಲ, ಆದರೆ ಬಿದ್ದ ರಭಸಕ್ಕೆ ಮೊಣಕೈ ಉಳುಕಿತ್ತು.

“ಯಾವುದಕ್ಕೂ ಮನುಷ್ಯರ ಡಾಕ್ಟರಿಗೆ ತೋರಿಸಿ. ನನ್ನ ಲೆಕ್ಕದಲ್ಲಿ ಆರು ವಾರ ರೆಸ್ಟು” ಅಂದೆ.

ರೈಟರ್ ಹೆಗಲ ಮೇಲಿದ್ದ ಟವೆಲ್ ಕೊಡವಿ, ವಿನಯವಾಗಿ ಕೇಳಿದ:

“ತೊಟ್ಟಿಗೆ ನೀರು ಬಿಡಿಸ್ಲಾ ಸಾರ್?”