ನಾಲ್ಕು ಕೊಂಬಿನ ಇಂಜಿನ್

ಲಾರಿಗೆ ಇಂಜಿನ್ ಇರಬೇಕೆಂಬ ಸರ್ಕಾರಿ ನಿಯಮವಿದೆಯೇ ಹೊರತು, ಅದು ಹುಲ್ಲು ತಿನ್ನಬಾರದೆಂಬ ನಿಯಮವಿಲ್ಲ. ೧೯೪೯ರಲ್ಲಿ ಹುಮನಾಬಾದಿನ ಫೌಜಿ ಮೋಟಾರು ಕಚೇರಿ ಇದನ್ನು ಎಲ್ಲರಿಗಿಂತ ಮೊದಲು ಕಂಡುಕೊಂಡಿತು. ಲಾರಿಯ ಖರ್ಚು ಇಳಿಸಿರೆಂದು ಮೇಲಿನಿಂದ ಹುಕುಂ ಬಂದಾಗ ವಿಚಾರಣೆ ನಡೆದು, ಖರ್ಚಿಗೆಲ್ಲ ಇಂಜಿನ್ನೇ ಮೂಲವೆಂದು ಸಾಬೀತಾಯಿತು. ಅದನ್ನು ಬಿಚ್ಚಿ ಕೋಣೆಯಲ್ಲಿಟ್ಟು ಬೀಗ ಹಾಕಿದರು. ಕಲ್ಯಾಣ ಪಟ್ಟಣಕ್ಕೆ ಸಾಮಾನು ಒಯ್ಯಲು, ನಾಲ್ಕು ದಿನದ ಮಾತಿಗೆ, ದುಬಲಗುಂಡಿಯ ಅಂಬಾದಾಸನ ಜೋಡೆತ್ತು ಹೂಡಿದರು.

ಸರ್ಕಾರದ ನಾಲ್ಕು ದಿನ ಮುಗಿಯುವ ಮೊದಲೇ ಮೃಗಶಿರಾ ಮಳೆ ಬಿತ್ತು. ಹದ ತಪ್ಪಿದರೆ ವರ್ಷವೇ ತಪ್ಪಿದಂತೆ. ಊರೆಲ್ಲ ಬಿತ್ತುತ್ತಿದ್ದರೆ ಅಂಬಾದಾಸನ ಹೊಲ ಮಾತ್ರ ಬಿಕೋ ಎನ್ನುತ್ತಿತ್ತು. ಪಾಪ, ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದ.

"ಸಾಹೇಬ್ರ, ನನ್ನ ಎತ್ತು ಬಿಡ್ರಿ."

ಕಚೇರಿಯ ಪೇಶ್ಕಾರ ಗಯಾಸುದ್ದೀನ್ ಸಾಹೇಬರು ಬಹಳ ಮರ್ಯಾದಸ್ಥರು. ಕೂರಿಸಿ ಚಹಾ ತರಿಸಿದರು. "ಎತ್ತು ಎಲ್ಯಾವ್ರಿ ಅಂಬಾದಾಸ? ನಮ್ಮಲ್ಲಿ ಇರೋದು ಇಂಜಿನ್. ಸರ್ಕಾರಿ ಲಾರಿ ಇಂಜಿನ್ ಬಿಚ್ಚೋದು ಗುನ್ಹಾ ಅದರಿ."

"ಮೊದಲಿಂದು ನೀವೇ ಬಿಚ್ಚಿದ್ರಲ್ಲರಿ?"

"ಅದಕ್ಕೇ ಈ ಕಾಯ್ದಾ ಬಂತು."

"ಹಂಗಾದ್ರ ಬಿತ್ತೋದು ಹ್ಯಾಂಗ್ರಿ? ಮಕ್ಕಳು ಏನ್ ತಿನ್ಬೇಕು?"

ಸಾಹೇಬರು ನಿಜವಾಗಿಯೂ ಮರುಗಿದರು. "ಇಂಜಿನ್ ಕೊಡಾಕ ಬರಂಗಿಲ್ಲ. ಲಾರಿ ಬೇಕಾದ್ರ ಒಯ್ರಿ."

ಹೀಗೆ ಲಾರಿ ಹೊಲಕ್ಕಿಳಿಯಿತು. ಮುಂದೆ ಎತ್ತು, ನಡುವೆ ಲಾರಿ, ಹಿಂದೆ ಕೂರಿಗೆ. ಗಾಲಿ ಹೂತಾಗ ಊರವರು ನೂಕಿದರು. ಡ್ರೈವರ್ ಇಲ್ಲದೆ ಲಾರಿ ಚಲಿಸಕೂಡದಾದ್ದರಿಂದ ಪೀರ್ ಪಾಷಾ ಸ್ಟೇರಿಂಗ್ ಹಿಡಿದು ಕೂತ. ಸಾಲು ತಿರುಗುವಾಗೆಲ್ಲ ತಪ್ಪದೆ ಹಾರ್ನ್ ಹೊಡೆದ. ಅಂಬಾದಾಸನ ಹೆಂಡತಿ ಕಮಳಾಬಾಯಿ ಉಡಿಯಲ್ಲಿ ಬೀಜ ತುಂಬಿಕೊಂಡು, ನಗಬೇಕೋ ಅಳಬೇಕೋ ತಿಳಿಯದೆ ಹಿಂದೆ ನಡೆದಳು.

ಲಾರಿ ಹೊಲ ಬಿತ್ತಿತು, ಪೆಟ್ರೋಲ್ ಹನಿಯೂ ತಗಲಲಿಲ್ಲ ಎಂದು ವರದಿ ಹೋಯಿತು. ಮೇಲಿನವರು ಮೆಚ್ಚಿ ಊರೂರಿಗೆ ಡಂಗುರ ಹೊಡೆಸಿದರು: "ಇನ್ನು ಮುಂದೆ ಲಾರಿ ಇಲ್ಲದೆ ಹೊಲದ ಕೆಲಸ ಮಾಡುವವರು ಸೂಕ್ತ ಕಾರಣ ತಿಳಿಸತಕ್ಕದ್ದು." ಕಾರಣ ಹುಡುಕುವ ತಾಪತ್ರಯ ಯಾರಿಗೆ ಬೇಕು? ರೈತರು ತಮ್ಮ ಎತ್ತುಗಳನ್ನು ಕೊಟ್ಟಿಗೆಯಲ್ಲಿ ಕಟ್ಟಿ ಲಾರಿಗೆ ಅರ್ಜಿ ಹಾಕಿದರು.

ಜೋಳ ಮೊಳೆತು, ಕಳೆಯೂ ಎದ್ದಿತು. ಎಡೆ ಹೊಡೆಯಲು ಲಾರಿ ಕೇಳಲು ಬಂದ ಅಂಬಾದಾಸ, ಕಚೇರಿಯ ಮುಂದಿನ ಪಾಳಿಯಲ್ಲಿ ಕಟ್ಟಕಡೆಗೆ ನಿಂತ.

"ನೀವೂ ಎತ್ತು ಮನ್ಯಾಗ ಕಟ್ಟಿ ಬಂದೀರೇನ್ರಿ?" ಮುಂದಿದ್ದ ಮುಡಬಿ ಊರಿನವನು ಕೇಳಿದ.

"ಇಲ್ರಿ," ಅಂಬಾದಾಸ ರುಮಾಲು ಸರಿಮಾಡಿಕೊಂಡ. "ನಮ್ಮವಕ್ಕ ಸರ್ಕಾರಿ ನೌಕರಿ ಸಿಕ್ತ್ರಿ."