ಗಾಳ ಹಿಡಿದ ರವಿವಾರಗಳು

ಹತ್ತಾರು ಹುಡುಗರನ್ನು ಕಟ್ಟಿಕೊಂಡು ವಾರಕ್ಕೊಮ್ಮೆ ಕೆರೆ ದಂಡೆಗೆ ಹೋಗುವವನಿಗೆ ನಗುವ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಅವುಗಳಲ್ಲಿ ಎಷ್ಟಕ್ಕೆ ನಗಬೇಕಿತ್ತು ಎಂಬುದು ಮಾತ್ರ ಮನೆಗೆ ಬಂದು ಕಾಲು ತೊಳೆದುಕೊಂಡ ಮೇಲೆ ಗೊತ್ತಾಗುತ್ತದೆ.

ನಾನೂ ನನ್ನ ಗೆಳೆಯನೂ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಜೊತೆಗೆ ದುಡಿದು ಜೊತೆಗೆ ನಿವೃತ್ತರಾದವರು. ಅವನು ಕಾರವಾರದ ಕಡೆಯವ, ಮೀನಿಲ್ಲದೆ ಅನ್ನ ಇಳಿಯದವ. ನಾನು ಕೊರಳಲ್ಲಿ ಲಿಂಗ ಇರುವವ, ತತ್ತಿಯನ್ನೂ ಮುಟ್ಟದವ. ನಮ್ಮ ಓಣಿಯ ಹಿಂದೆ ರೈಲು ಹಳಿಗುಂಟ ತಗಡಿನ ಮನೆಗಳಿವೆ. ಅಲ್ಲಿನ ಹುಡುಗರು ರಜೆಯ ದಿನ ಏನು ಮಾಡುತ್ತಾರೆಂಬುದು ನಮಗೂ ಗೊತ್ತಿತ್ತು, ಪೊಲೀಸರಿಗೂ ಗೊತ್ತಿತ್ತು. ರವಿವಾರ ಒಂದಾದರೂ ಅವರನ್ನು ಅಲ್ಲಿಂದ ಹೊರಗಿಡೋಣ ಅಂದುಕೊಂಡೆವು.

ಮೊದಲು ಕ್ರಿಕೆಟ್ ಆಡಿಸಿದೆವು. ಎರಡನೇ ವಾರಕ್ಕೆ ಸ್ಟಂಪು ಕಿತ್ತು ಒಬ್ಬನ ತಲೆ ಒಡೆದರು. ಆಗ ಗೆಳೆಯ ಹೇಳಿದ: "ಕೈಯಾಗ ಗಾಳ ಕೊಡೋಣು. ಗಾಳ ಹಿಡಿದಾಂವ ಸುಮ್ನ ಕುಂಡ್ರಬೇಕಾಗ್ತೈತಿ." ಹಾಗಾಗಿ ಧಾರವಾಡ ದಾಟಿ ಗರಗದ ದಾರಿಯಲ್ಲಿರುವ ಒಂದು ಕೆರೆಗೆ ಟೆಂಪೋದಲ್ಲಿ ಹೋಗಲು ಶುರುಮಾಡಿದೆವು.

ಮಾಸ್ತರರ ಪರೀಕ್ಷೆ

ಮೊದಲ ದಿನವೇ ಹುಡುಗರು ನನ್ನನ್ನು ಪರೀಕ್ಷೆಗೆ ಕೂರಿಸಿದರು. ಅವರಲ್ಲೇ ದೊಡ್ಡವನು, ಹೋದ ವರ್ಷ ಶಾಲೆ ಬಿಟ್ಟವನು, ಕೇಳಿದ.

"ಸರ್, ನೀವು ಮೀನ ತಿಂತೀರೇನ್ರಿ?"

"ಇಲ್ಲಪಾ."

"ಹಿಡಿದೀರೇನ್ರಿ ಯಾವಾಗರ?"

"ಇಲ್ಲ."

"ಮುಟ್ಟೀರೇನ್ರಿ?"

"ಇಲ್ಲೋ ಮಾರಾಯಾ."

ಅವನು ಉಳಿದವರ ಕಡೆ ತಿರುಗಿ, "ಇವರೂ ನಮ್ಮ ಸಾಲಿ ಮಾಸ್ತರಹಂಗಽ ಅದಾರ" ಅಂದ. ಎಲ್ಲರೂ ಸಮಾಧಾನದಿಂದ ಕುಳಿತರು.

ಸಂಜೆ ಮನೆಗೆ ಬಂದರೆ ಹೆಂಡತಿ ಹಿತ್ತಲ ಬಾಗಿಲಲ್ಲಿ ಬಕೆಟ್ ನೀರಿಟ್ಟುಕೊಂಡು ನಿಂತಿದ್ದಳು. ಸ್ನಾನವಾಗದೆ ಒಳಗೆ ಪ್ರವೇಶವಿಲ್ಲ. "ನಾನು ಮೀನು ಮುಟ್ಟಿಲ್ಲ" ಅಂದೆ. "ಮುಟ್ಟಿಲ್ಲ ಖರೇ. ಆದ್ರ ಹಿಡಿಯೂದು ಕಲಿಸಿ ಬಂದೀರಿ. ತಲೀಮ್ಯಾಲೆ ಇನ್ನೊಂದು ತಂಬಿಗಿ ಹಾಕ್ಕೋರಿ" ಅಂದಳು.

ಮೀನಿಗೆ ಊಟ ಹಾಕುವ ಸಂಘ

ಕೆರೆಯ ಮೀನು ಗುತ್ತಿಗೆದಾರನದು. ಅವನು ಒಂದು ಕರಾರಿನ ಮೇಲೆ ಒಪ್ಪಿಕೊಂಡಿದ್ದ. ಎಷ್ಟು ಬೇಕಾದರೂ ಹಿಡಿಯಿರಿ, ಹಿಡಿದದ್ದನ್ನು ತಿರುಗಿ ನೀರಿಗೆ ಬಿಡಿ. ನನಗೆ ಇದು ಬಹಳ ಹಿಡಿಸಿತು. ಜೀವಹಿಂಸೆಯಿಲ್ಲ, ಹುಡುಗರಿಗೆ ದಯೆಯ ಪಾಠವೂ ಆಯಿತು. ಗೆಳೆಯ ಮಾತ್ರ ಪ್ರತಿ ಮೀನು ನೀರಿಗೆ ಬೀಳುವಾಗಲೂ ಮುಖ ಆ ಕಡೆ ತಿರುಗಿಸುತ್ತಿದ್ದ.

ಒಂದು ರವಿವಾರ ದೊಡ್ಡವನ ಗಾಳಕ್ಕೆ ಒಳ್ಳೆ ತೂಕದ ಮೀನು ಬಿತ್ತು. ಎಲ್ಲರೂ ಸೇರಿ ಎಳೆದು ದಂಡೆಗೆ ಹಾಕಿದರು. ನಾನು ದೂರದಲ್ಲೇ ನಿಂತು ದಯೆಯ ಬಗ್ಗೆ ನಾಲ್ಕು ಮಾತು ಹೇಳಿದೆ. ನೀರೇ ಅದರ ಮನೆ, ಅದಕ್ಕೂ ಮಕ್ಕಳುಮರಿ ಇರುತ್ತವೆ, ಹೀಗೆ. ಅವನು ಎಲ್ಲ ಕೇಳಿ, ಕೊಕ್ಕೆ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟ. ಆಮೇಲೆ ತಣ್ಣಗೆ ಹೇಳಿದ.

"ಸರ್, ಅದು ಗ್ವಾದಿ ಹಿಟ್ಟು ತಿಂದು ಮನಿಗೆ ಹೋತು. ನಾ ನಿನ್ನಿ ರಾತ್ರಿ ಏನೂ ತಿಂದಿಲ್ರಿ."

ಮೀನಿಗೆಂದು ಗೋಧಿ ಹಿಟ್ಟು ಕಲಸಿ ತಂದವನಿಗೆ ಹುಡುಗರಿಗೆ ಏನಾದರೂ ತರಬೇಕೆಂದು ಹೊಳೆದಿರಲಿಲ್ಲ. ಮುಂದಿನ ವಾರದಿಂದ ಹೆಂಡತಿ ಬುಟ್ಟಿಗಟ್ಟಲೆ ರೊಟ್ಟಿ, ಬದನೆಯ ಎಣಗಾಯಿ, ಶೇಂಗಾ ಚಟ್ನಿ ಕಟ್ಟಿಕೊಡತೊಡಗಿದಳು. ಹುಡುಗರ ಸಂಖ್ಯೆ ಒಮ್ಮೆಲೇ ಇಮ್ಮಡಿಯಾಯಿತು. ನಮ್ಮ ಪಾಠದ ಪರಿಣಾಮ ಎಂದು ನಾನು ಹಿಗ್ಗಿದೆ. ಗೆಳೆಯ ಬುಟ್ಟಿಯ ತಳ ತೋರಿಸಿ, "ಇದು ನಿನ್ನ ಪಾಠ ಅಲ್ಲಲೇ, ವೈನಿಯವರ ಬದನಿಕಾಯಿ" ಅಂದ.

ಯಾರಿಗೂ ಇಲ್ಲ ಅನ್ನದ ಮನುಷ್ಯ

ಅವರಲ್ಲಿ ಎಲ್ಲರಿಗಿಂತ ಸಣ್ಣವನೊಬ್ಬ ಇದ್ದ. ಐದನೇ ಇಯತ್ತೆ ಓದುತ್ತಿದ್ದ. ನೀರಲ್ಲಿ ತೇಲುವ ಗಾಳದ ಬೆಂಡನ್ನು ಕಣ್ಣು ಪಿಳುಕಿಸದೆ ನೋಡುತ್ತಾ ಕೂರುತ್ತಿದ್ದ. ಒಂದು ದಿನ ಊಟದ ಹೊತ್ತಿಗೆ, ಮುಂದೆ ಏನಾಗುತ್ತೀರಿ ಎಂದು ಎಲ್ಲರನ್ನೂ ಕೇಳಿದೆ. ಹೊಸದಾಗಿ ಹತ್ತಿದ ಮಾಸ್ತರಿಕೆಯ ಚಟ. ಒಬ್ಬ ಪೊಲೀಸ್ ಆಗುವೆನೆಂದ, ಅವನ ಅಪ್ಪ ಜೈಲಿನಲ್ಲಿದ್ದ. ಸಣ್ಣವನ ಸರದಿ ಬಂತು.

"ನಾ ಗೋವಾಕ್ಕ ಹೋಗಾಂವ್ರಿ."

"ನೋಡಾಕೇನೋ?"

"ಹೋಟೆಲ್‌ನ್ಯಾಗ ತಾಟು ತೊಳ್ಯಾಕ್ರಿ. ಪರೀಕ್ಷಾ ಮುಗದಮ್ಯಾಲೆ ಏಜೆಂಟ್ ಕರಕೊಂಡು ಹೋಗ್ತಾನಂತ. ಅಪ್ಪ ಹೇಳ್ಯಾನ."

ಉಳಿದವರು ಅವನನ್ನು ಹೊಟ್ಟೆಕಿಚ್ಚಿನಿಂದ ನೋಡಿದರು. ಹಾಗೆ ಹೋದ ಹುಡುಗರಲ್ಲಿ ತಿರುಗಿ ಬಂದವರನ್ನು ನಾವು ಆ ಓಣಿಯಲ್ಲಿ ಕಂಡಿರಲಿಲ್ಲ. ಅಂದಿನಿಂದ ನಮಗೆ ಮೀನಿನ ಚಿಂತೆ ಹೋಗಿ ಇವನ ಚಿಂತೆ ಹತ್ತಿತು.

ಮರುದಿನ ಅವನ ಅಪ್ಪನನ್ನು ಕಾಣಲು ಹೋದೆವು. ಮಾರ್ಕೆಟ್ಟಿನಲ್ಲಿ ಚೀಲ ಹೊರುವ ಹಮಾಲ. ಅವನ ಹೆಂಡತಿ ತೀರಿಕೊಂಡಿದ್ದಳು. ನಮಗೆ ಇದ್ದೊಂದು ಕುರ್ಚಿ ಹಾಕಿ, ತಾನು ಹೊಸ್ತಿಲ ಮೇಲೆ ಕುಳಿತ.

"ಇಷ್ಟು ಸಣ್ಣ ಹುಡುಗನ್ನ ಕೆಲಸಕ್ಕ ಹಚ್ಚೂದು ಕಾಯ್ದೆಕ್ಕ ವಿರುದ್ಧ ಐತಿ" ಅಂದೆ.

"ಖರೇರಿ."

"ಹುಡುಗ ಶಾಣ್ಯಾ ಅದಾನ. ಓದಸ್ರಿ."

"ಓದಸಬೇಕ್ರಿ."

"ಗೋವಾಕ್ಕ ಕಳಸಬ್ಯಾಡ್ರಿ."

"ಆತ್ರಿ ಸಾಹೇಬ್ರ. ನೀವು ಹೇಳೂದು ಬರೋಬ್ಬರಿ ಐತಿ."

ಇಷ್ಟು ಸುಲಭವಾಗಿ ಒಬ್ಬ ಮನುಷ್ಯನನ್ನು ಒಪ್ಪಿಸಿದ್ದು ನನ್ನ ಜನ್ಮದಲ್ಲೇ ಇರಲಿಲ್ಲ. ನನ್ನ ಮಾತಿನ ಶಕ್ತಿಗೆ ನಾನೇ ಬೆರಗಾಗಿ ಹೊರಗೆ ಬಂದೆ. ಪಕ್ಕದ ಮನೆಯ ಮುದುಕಿ ಎಲ್ಲಾ ಕೇಳಿಸಿಕೊಂಡಿದ್ದಳು.

"ಅಂವಾ ಭಾಳ ಛಲೋ ಮನಶ್ಯಾರಿ" ಅಂದಳು. "ಯಾರಿಗೂ ಇಲ್ಲ ಅನ್ನಂಗಿಲ್ಲ. ಮೊನ್ನೆ ಏಜೆಂಟ್ ಬಂದಾಗ ಅವಗೂ ಇಲ್ಲ ಅನ್ನಲಿಲ್ಲ."

ತಪ್ಪಿದ ಬಸ್ಸು

ಪರೀಕ್ಷೆ ಮುಗಿದ ರವಿವಾರ ಅಪ್ಪ ಕೆರೆಗೇ ಬಂದ. ಏಜೆಂಟನ ಬೈಕಿನ ಹಿಂದೆ ಕುಳಿತು ಬಂದಿದ್ದ. ಸಂಜೆಯ ಬಸ್ಸಿಗೆ ಹುಡುಗನನ್ನು ಹತ್ತಿಸುವುದಿತ್ತು. ಏಜೆಂಟ್ ಒಡ್ಡಿನ ಮೇಲೆ ಬೈಕ್ ನಿಲ್ಲಿಸಿಕೊಂಡು ಕಾದ. ಅಪ್ಪ ದಂಡೆಗಿಳಿದು ಬಂದು ನಮ್ಮ ಮುಖ ನೋಡದೆ ಮಗನಿಗೆ, "ನಡೀಲೇ ತಮ್ಮಾ" ಅಂದ. ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಹುಡುಗನ ಬೆಂಡು ನೀರಲ್ಲಿ ಮುಳುಗಿತು.

"ಅಪ್ಪಾ, ಹಿಡಿ ಹಿಡಿ" ಎಂದು ಅವನು ಗಾಳದ ಬಿದಿರು ಗಳವನ್ನು ಅಪ್ಪನ ಕೈಗೆ ಕೊಟ್ಟ. ಅಪ್ಪ ಮೂಟೆ ಎತ್ತುವವನಂತೆ ಎಳೆದ. ಮೀನು ತಪ್ಪಿಸಿಕೊಂಡಿತು. ಅಪ್ಪನಿಗೆ ಅವಮಾನವಾಯಿತು. ಹುಡುಗ ಹೊಸ ಹಿಟ್ಟು ಚುಚ್ಚಿಕೊಟ್ಟು, "ಹಂಗ ಜಗ್ಗಬಾರ್ದು, ಅದು ನುಂಗೂತನಾ ತಡೀಬೇಕು" ಎಂದು ಕಲಿಸಿದ. ಅಪ್ಪ ಟಾವೆಲ್ ಹಾಸಿ ಕುಳಿತ.

ಮೇಲಿಂದ ಹಾರನ್ ಕೇಳಿಸಿತು. "ಬಂದೆ, ಒಂದ ನಿಮಿಷ" ಅಂದ ಅಪ್ಪ. ಮತ್ತೆ ಹಾರನ್. "ಕಚ್ಚಾಕತ್ತೇತ್ರಿ, ಸ್ವಲ್ಪ ತಡೀರಿ." ಬಿಸಿಲು ಇಳಿಯಿತು. ಏಜೆಂಟ್ ಅಪ್ಪನ ವಂಶಾವಳಿಯನ್ನೆಲ್ಲ ಬೈದು ಬೈಕ್ ಹತ್ತಿ ಹೋದ. ಅಪ್ಪ ಮಗ ಒಂದೇ ಗಳ ಹಿಡಿದು ಕತ್ತಲಾಗುವವರೆಗೂ ಕುಳಿತಿದ್ದರು. ಅವತ್ತು ನನಗಾದಷ್ಟು ಸಂತೋಷ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಹಿತ್ತಲಲ್ಲಿ ನಿಂತು ಮೈಮೇಲೆ ನೀರು ಸುರಿದುಕೊಳ್ಳುತ್ತಲೇ ಹೆಂಡತಿಗೆ ಹೇಳಿದೆ: "ಗೋವಾದ ಬಸ್ ತಪ್ಪಿಸಿಬಿಟ್ವಿ."

ಅವಳು ಟಾವೆಲ್ ಕೊಡುತ್ತಾ, "ಗೋವಾಕ್ಕ ದಿನಾ ಬಸ್ ಇರ್ತಾವಲ್ರಿ" ಅಂದಳು.

ಯಾವ ಹುಡುಗ

ಮುಂದಿನ ರವಿವಾರ ಅಪ್ಪ ಒಬ್ಬನೇ ಬಂದ. ಟೆಂಪೋ ಹೊರಡುವ ಜಾಗದಲ್ಲಿ ಹುಡುಗರ ಸಾಲಿನ ಕೊನೆಗೆ ನಿಂತಿದ್ದ.

"ಹುಡುಗ ಎಲ್ಲಿ?" ಅಂದೆ.

"ಮಂಗಳವಾರ ಹೋದ್ರಿ" ಅಂದ. ಆಮೇಲೆ, "ಅವನ ಗಳ ಖಾಲಿ ಇದ್ರ ನನಗ ಕೊಡ್ರಿ" ಅಂದ.

ಇಂಥ ಮಾತಿಗೆ ನಗಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ. ಮಕ್ಕಳ ಸಹಾಯವಾಣಿಗೆ ಅಲ್ಲೇ ಫೋನ್ ಹಚ್ಚಿದೆ. ಹೋಟೆಲಿನ ಹೆಸರೇನು ಎಂದು ಕೇಳಿದರು. ಅಪ್ಪನನ್ನು ಕೇಳಿದರೆ, "ಸಮುದ್ರದ ಬಾಜೂಕ ಐತಂತ್ರಿ" ಅಂದ. ಗೋವಾದಲ್ಲಿ ಸಮುದ್ರದ ಪಕ್ಕ ಇಲ್ಲದ ಹೋಟೆಲು ಯಾವುದಿದೆ? ಏಜೆಂಟನ ನಂಬರ್ ಕೇಳಿದರೆ ಇಲ್ಲವೆಂದ. ಆ ಮನುಷ್ಯ ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಗೆಳೆಯ ಅವನನ್ನು ಟೆಂಪೋ ಹತ್ತಿಸಿಕೊಂಡ. "ಇಂಥವಗ ಗಾಳ ಕೊಡ್ತೀಯೇನು?" ಅಂದೆ. "ಕುಂಡ್ರಲಿ ಬಿಡು" ಅಂದ.

ಮಧ್ಯಾಹ್ನದವರೆಗೆ ಅಪ್ಪ ಮಗನ ಜಾಗದಲ್ಲಿ ಬೆಂಡು ನೋಡುತ್ತಾ ಕುಳಿತ. ರೊಟ್ಟಿಗೂ ಏಳಲಿಲ್ಲ. ಕೊನೆಗೊಮ್ಮೆ ಬೆಂಡು ಮುಳುಗಿತು. ಈ ಸಲ ಜಗ್ಗಲಿಲ್ಲ. ಮೀನು ನುಂಗುವವರೆಗೆ ತಡೆದು, ಮೆಲ್ಲಗೆ ಎಳೆದು, ಎರಡೂ ಕೈಯಲ್ಲಿ ಹಿಡಿದೆತ್ತಿದ. ಆ ಕೆರೆಯಲ್ಲಿ ನಾವು ಕಂಡ ಎಲ್ಲಕ್ಕಿಂತ ದೊಡ್ಡ ಮೀನು. ಸಂತೋಷಕ್ಕೆ ಹಿಂದೆ ತಿರುಗಿ ಕೂಗಿದ.

"ತಮ್ಮಾ, ಬಾರಲೇ ಇಲ್ಲೆ, ನೋಡಿಲ್ಲೆ."

ಹುಡುಗರು ಬಿದ್ದು ಬಿದ್ದು ನಕ್ಕರು. "ಕಾಕಾ, ಅವನ್ನ ನೀವಽ ಗೋವಾಕ್ಕ ಕಳಿಸೀರಲ್ರಿ" ಅಂದ ದೊಡ್ಡವನು. ಅಪ್ಪನೂ ನಕ್ಕ. ನಗುತ್ತಲೇ ಕುಕ್ಕರುಗಾಲಲ್ಲಿ ಕುಳಿತ. ಮೀನು ಕೈಯಿಂದ ಜಾರಿ ನೀರಿಗೆ ಹೋಯಿತು, ಅದನ್ನವನು ನೋಡಲಿಲ್ಲ. ಆಮೇಲೆ ಒದ್ದೆ ಕೈ ಅಂಗಿಗೆ ಒರೆಸಿಕೊಂಡು, ಒಳಜೇಬಿನಿಂದ ಮೊಬೈಲ್ ತೆಗೆದು, ಬೆಳಿಗ್ಗೆ ಇಲ್ಲವೆಂದಿದ್ದ ನಂಬರನ್ನೇ ಒತ್ತಿದ. ಸ್ಪೀಕರ್‌ಗೆ ಹಾಕಿದ್ದರಿಂದ ನಮಗೆಲ್ಲ ಕೇಳಿಸುತ್ತಿತ್ತು. ಆ ಕಡೆ ಏಜೆಂಟನ ದನಿ.

"ನನ್ನ ಹುಡುಗನ್ನ ತಿರುಗಿ ಕಳಸ್ರಿ" ಅಂದ ಅಪ್ಪ.

"ಯಾವ ಹುಡುಗ?"

"ನನ್ನ ಹುಡುಗರಿ. ಹುಬ್ಬಳ್ಳ್ಯಾಂವ."

"ಎಲ್ಲಾ ಹುಬ್ಬಳ್ಳ್ಯಾವರಽ ಅದಾರ. ಯಾವಾಂವ ಹೇಳ."

ಅಪ್ಪ ಹೆಸರು ಹೇಳಿದ. "ಇಲ್ಲೆ ಹೆಸರು ಯಾರು ಕೇಳ್ತಾರ? ಎಲ್ಲಾರಿಗೂ ಛೋಟು ಅಂತಾರ" ಅಂತು ದನಿ.

"ಸಣ್ಣಾಂವ ಅದಾನ್ರಿ. ಕರ್ರಗ ಅದಾನ."

"ಎಲ್ಲಾರೂ ಸಣ್ಣಾವರ, ಎಲ್ಲಾರೂ ಕರ್ರಗ ಅದಾರ. ಗುರ್ತು ಏನರ ಐತೇನು?"

ಅಪ್ಪ ಫೋನಿಗೆ ಕೈ ಅಡ್ಡ ಹಿಡಿದು ನಮ್ಮೆಲ್ಲರ ಮುಖ ನೋಡಿದ. "ಯಾವ ಹುಡುಗ ಅಂತ ಕೇಳಾಕತ್ತಾನ್ರಿ. ಹೆಂಗ ಹೇಳಲಿ?" ಅಂದ.

ದೊಡ್ಡವನು ಗಾಳಕ್ಕೆ ಹಿಟ್ಟು ಚುಚ್ಚುತ್ತಿದ್ದವನು ತಲೆ ಎತ್ತದೆ ಹೇಳಿದ: "ಎಲ್ಲಾರನ್ನೂ ಕಳಸು ಅಂತ ಹೇಳ್ರಿ ಕಾಕಾ. ನಮ್ಮಾಂವನ್ನ ನಾವು ಆರಿಸ್ಕೊಂತೀವಿ."

ಅಪ್ಪ ಫೋನು ಬಾಯಿಗಿಟ್ಟುಕೊಂಡು ಅದನ್ನೇ ಹೇಳಿದ.