ರಾಕ್ಷಸನ ಊರು ಯಾವುದು?

ಚಿತ್ತಾಪುರದ ಕೋರ್ಟಿನಲ್ಲಿ ಕೇಸಿನ ಹೆಸರು ಕೂಗುವವನು ನಾನು, ದೇವಿಂದ್ರ. ನನ್ನ ಒಂದೇ ಕೂಗಿಗೆ ವಾದಿ, ಪ್ರತಿವಾದಿ ಇಬ್ಬರೂ ಚಹಾದ ಗ್ಲಾಸು ಬಿಟ್ಟು ಓಡಿ ಬರುತ್ತಾರೆ! ಇಂಥ ಕಂಠ ಇರುವವನು ಗೇಮ್ ಮಾಸ್ಟರ್ ಆಗದೆ ಇನ್ಯಾರು ಆಗಬೇಕು? ಆಗಿಯೇ ತೀರುತ್ತೇನೆ ಎಂದು ಸುಡು ಬೇಸಿಗೆಯಲ್ಲಿ ಶಪಥ ಮಾಡಿದೆ. ಈಗ ಆ ಶಪಥ ನೆನೆದರೇ ಸುಸ್ತಾಗುತ್ತದೆ.

ಗೇಮ್ ಮಾಸ್ಟರ್ ಎಂದರೆ ಕಥೆ ನಡೆಸುವ ಯಜಮಾನ. ಅವನು ಗವಿ, ಕಾಡು, ರಾಕ್ಷಸ ಎಂದು ಹೇಳುತ್ತ ಹೋಗುತ್ತಾನೆ. ಸುತ್ತ ಕೂತವರು ಆ ಕಥೆಯ ವೀರರಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ. ಗೆಲುವು, ಸೋಲು ದಾಳ ಬಿದ್ದಂತೆ. ಸೊಲ್ಲಾಪುರದಲ್ಲಿ ನರ್ಸಿಂಗ್ ಓದುವ ಮಗಳು ಲುಂಬಿನಿಗೆ ಹಾಸ್ಟೆಲಿನಲ್ಲಿ ಈ ಆಟದ ಹುಚ್ಚು ಹಿಡಿದಿತ್ತು. ರಜೆಗೆ ಬಂದರೂ ಮೊಬೈಲಿನಲ್ಲಿ ಗೆಳತಿಯರ ಜೊತೆ ಆಡುತ್ತ ಕೋಣೆಯೊಳಗೇ ಬಿದ್ದು ಬಿದ್ದು ನಗುತ್ತಿದ್ದಳು. ನನ್ನ ಜೊತೆ ಮಾತೆಂದರೆ "ಊಟ ಆಯ್ತು ಪಪ್ಪಾ" ಅಷ್ಟೇ. ಸುಳ್ಳೇಕೆ ಹೇಳಲಿ, ನನಗೆ ಹೊಟ್ಟೆಕಿಚ್ಚಾಯಿತು! ಆ ನಗು ಒಮ್ಮೆ ನನ್ನೆದುರಿಗೂ ಬರಲಿ ಎಂದು, ದಿನವಿಡೀ ಕೂಗಿ ದಣಿದು ಬಂದರೂ ಆಟದ ನಿಯಮ ಕಲಿತೆ. ಅವಳು ವಾಡಿಯಲ್ಲಿ ರೈಲು ಹತ್ತಬೇಕಿದ್ದ ಭಾನುವಾರ ಮಧ್ಯಾಹ್ನವೇ ನನಗೆ ಉಳಿದ ಕೊನೆಯ ಅವಕಾಶ.

ಕರೆಂಟು ಹೋಗಿತ್ತು. ಹೆಂಡತಿ ಯಶೋಧರಾ ಕೈ ಒರೆಸುತ್ತ ಬಂದು ಮಾಂತ್ರಿಕಳಾದಳು. ನಮ್ಮಲ್ಲಿಗೆ ಬಂದಿದ್ದ ಅತ್ತೆ ಅನಸುಬಾಯಿ, ಅಂದರೆ ಲುಂಬಿನಿಯ ಆಯಿ, ಎಲೆಗೆ ಸುಣ್ಣ ಹಚ್ಚುತ್ತ ಬಿಲ್ಲುಗಾರ್ತಿಯಾದರು. ಲುಂಬಿನಿ "ಸ್ವಲ್ಪ ಹೊತ್ತು ಅಷ್ಟ, ಪಪ್ಪಾ" ಎಂದು ಕತ್ತಿ ಹಿಡಿದಳು, ಇನ್ನೊಂದು ಕೈಯಲ್ಲಿ ಮೊಬೈಲು.

"ಕಗ್ಗತ್ತಲೆಯ ಗವಿ!" ಎಂದು ಗುಡುಗಿದೆ. "ಕಾಲ ಕೆಳಗಿನ ಕಲ್ಲು ಹೆಣದಂತೆ ತಣ್ಣಗಿದೆ!"

"ನೆಲಕ್ಕ ಫರ್ಸಿ ಹಾಕ್ಯಾರೇನ್ರಿ?" ಎಂದಳು ಯಶೋಧರಾ.

"ಅದು ಶಾಪ ತಟ್ಟಿದ ಗವಿ!"

"ಇರ್ಲಿ. ಶಹಾಬಾದ ಫರ್ಸಿ ಬ್ಯಾಸಗ್ಯಾಗ ಭಾಳ ತಂಪ. ನಮ್ಮನ್ಯಾಗೂ ಹಾಕಸ್ರಿ ಅಂತ ಎಷ್ಟ್ ವರ್ಷಾತು ಹೇಳಾಕತ್ತು! ರಾಕ್ಷಸರಿಗಿ ಅದ, ನಮಗಿಲ್ಲ."

ಲುಂಬಿನಿಯ ಕಣ್ಣು ಮೊಬೈಲಿಗೆ ಜಾರಿತು. ತಡಮಾಡದೆ ರಾಕ್ಷಸನನ್ನೇ ಹೊರಬಿಟ್ಟೆ.

"ಬಂದ! ಏಳಾಳೆತ್ತರ! ಕೆಂಡದಂಥ ಕಣ್ಣು! ಅತ್ತೀ, ಬಿಲ್ಲು ನಿಮ್ಮ ಕೈಯಾಗ ಅದ. ಏನ್ ಮಾಡ್ತೀರಿ?"

"ಬಿಸಲಾಗ ಬಂದಾನ ಪಾಪ. ಮೊದ್ಲ ನೀರ ಕೊಡ್ತೀನಿ."

"ಅತ್ತೀ, ಅವ ನಿಮ್ಮನ್ನ ತಿನ್ನಾಕ ಬಂದಾನ!"

"ಅಂದ್ರ ಹಸದಾನ. ರೊಟ್ಟಿ ಅದಾವ, ಕುಂದರಸ್ರಿ ಅಳಿಯಾ." ಅತ್ತೆ ಖಾಲಿ ಬಾಗಿಲ ಕಡೆ ತಿರುಗಿ ಕೇಳಿಯೇಬಿಟ್ಟರು: "ಯಾವೂರಪ್ಪಾ ನಿಂದು?"

ವೀರರು ಏನು ಕೇಳಿದರೂ ಗೇಮ್ ಮಾಸ್ಟರ್ ತಡವರಿಸದೆ ಉತ್ತರಿಸಬೇಕು. ರಾಕ್ಷಸನ ಉಗುರಿನ ಉದ್ದ ಕೇಳಿದ್ದರೆ ಹೇಳುತ್ತಿದ್ದೆ. ಊರನ್ನು ಎಲ್ಲಿಂದ ತರಲಿ? ಬಾಯಿಗೆ ಬಂದದ್ದು ಅಂದೆ: "ಚಂದ್ರಂಪಳ್ಳಿ!"

"ಹೌದಾ! ನಮ್ಮ ಅಕ್ಕನ ಕೊಟ್ಟ ಊರು! ಯಾರ ಮಗ?"

ಲುಂಬಿನಿ ಮೊಬೈಲಿನಿಂದ ತಲೆ ಎತ್ತಿದಳು. ನನಗೆ ಹುರುಪೇರಿತು. "ಚಂದ್ರಾಮನ ಮಗ!" ಎಂದು ಕೋರ್ಟಿನ ದನಿಯಲ್ಲಿ ಕೂಗಿದೆ.

"ಅಯ್ಯ ನನ ಕೂಸ! ನಮ್ಮಕ್ಕನ ಮೈದುನ ಚಂದ್ರಾಮನ ಮಗನಾ? ಮತ್ತ ನನಗೂ ಮಗನ ಆಗ್ಬೇಕಲ್ಲೋ!"

ಯಶೋಧರಾಳ ಮುಖ ಕೆಂಪಾಯಿತು. "ಅವ್ವಗ ಮಗ ಅಂದ್ರ ನನಗ ತಮ್ಮ. ಏನ್ರೀ, ರಾಕ್ಷಸ ಮಾಡಾಕ ನನ್ನ ತವರಮನಿ ಮಂದೀನ ಸಿಕ್ರಾ ನಿಮಗ?"

"ಆಟ ಇದು, ಯಶೋಧರಾ!"

"ಆಟದಾಗ ನಿಮ್ಮ ತಮ್ಮ ಯಾಕ ರಾಕ್ಷಸ ಆಗ್ಲಿಲ್ಲ?"

"ಆತು, ಊರ ಬದಲ ಮಾಡ್ತೀನಿ. ಸೇಡಂದವ ಅನ್ರಿ."

"ಹೇಳಿದ್ದು ಹೇಳಿದಂಗ, ಪಪ್ಪಾ. ಬದಲ ಮಾಡಂಗಿಲ್ಲ," ಎಂದಳು ಲುಂಬಿನಿ. ಮೊಬೈಲು ಯಾವಾಗಲೋ ಬೋರಲು ಬಿದ್ದಿತ್ತು. "ಮಾಮಾಗ ಮಾಫಿ ಕೇಳು. ದಾಳ ಹಾಕು."

ನಾನೇ ಸೃಷ್ಟಿಸಿದ ರಾಕ್ಷಸನ ಮುಂದೆ ನಾನೇ ಕೈಮುಗಿದು ನಿಂತೆ! ದಾಳ ಹಾಕಿದೆ. ಬರೀ ಒಂದು ಬಿತ್ತು.

"ಮಾಮಾ ಒಪ್ಪಲಿಲ್ಲ!" ಲುಂಬಿನಿ ನೆಲಕ್ಕೆ ಉರುಳಿ ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ.

"ನನ್ನ ತಮ್ಮನ ಸಿಟ್ಟ ಇಳಿಯೂತನ ನಿಮಗ ಚಾ ಇಲ್ಲ," ಎಂದು ಯಶೋಧರಾ ಒಳಗೆ ಹೋದಳು. ಅತ್ತೆ ರಾಕ್ಷಸನಿಗೆ ಲಗ್ನವಾಗಿದೆಯೋ ಇಲ್ಲವೋ ವಿಚಾರಿಸತೊಡಗಿದರು. ನಿಧಿಯ ಪೆಟ್ಟಿಗೆ, ಸೇತುವೆಯ ಕಾಳಗ, ಇಷ್ಟೆಲ್ಲ ಕಟ್ಟಿಟ್ಟಿದ್ದೆ ಸ್ವಾಮಿ! ಒಂದೂ ಬಳಕೆಗೆ ಬರಲಿಲ್ಲ. ಗಂಟಲು ಒಣಗಿ, ಚಹಾ ಇಲ್ಲದೆ, ರಾಕ್ಷಸನ ಪರವಾಗಿ ಅತ್ತೆಯ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವಷ್ಟರಲ್ಲಿ ರೈಲಿನ ಹೊತ್ತಾಯಿತು.

ವಾಡಿ ಸ್ಟೇಷನ್ನಿನಲ್ಲಿ ಬ್ಯಾಗು ಹೊತ್ತು ನಿಂತಿದ್ದೆ. ಲುಂಬಿನಿ ನನ್ನ ತೋಳು ಹಿಡಿದಳು.

"ಹಾಸ್ಟೆಲ್‌ದಾಗ ಇಷ್ಟು ಎಂದೂ ನಕ್ಕಿಲ್ಲ, ಪಪ್ಪಾ. ದಸರಾ ಸೂಟ್ಯಾಗ ಮನಿಗಿ ಬಂದು ಮುಂದಿಂದು ಆಡೂಣು."

ಇಡೀ ಬೇಸಿಗೆಯ ದಣಿವು ಇಳಿದುಹೋಯಿತು. ಕಣ್ಣು ತುಂಬಿ ಬಂತು. "ಹಂಗಾರ ನಾ ಇನ್ನೊಂದು ದೊಡ್ಡ ಗವಿ..." ಎಂದು ಎದೆಯುಬ್ಬಿಸಿದೆ.

"ನೀ ಅಲ್ಲ. ಗೇಮ್ ಮಾಸ್ಟರ್ ಆಯಿ. ಮಾತಾಗ್ಯಾದ."

"ಮತ್ತ ನಾ?"

"ರಾಕ್ಷಸನ ಭಾವ."

"ಅವಂದೇನ್ ಕೆಲಸ?"

"ಏನಿಲ್ಲ. ಅವ್ವ ಹೇಳಿದ್ದಕ್ಕೆಲ್ಲ ಹೂಂ ಅನ್ನೂದು. ದಾಳಾನೂ ಬೇಕಾಗಂಗಿಲ್ಲ. ಬರ್ತದಿಲ್ಲೋ ನಿನಗ?"

"ಹೂಂ," ಎಂದೆ.